ಹತ್ತನೆಯದಕ್ಕೆ ಗೀರು ಬಿದ್ದಿದೆ

ಹಾಡು ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ಹತ್ತೊಂಬತ್ತು ವರ್ಷ ನಾನು ಕೊಟ್ಟ ಉತ್ತರ ಒಂದೇ: ನನಗೇನು ಗೊತ್ತು, ನನ್ನ ಕಿವಿಯಲ್ಲಿ ಹತ್ತಿ. ಹೊರಗಿನಿಂದ ಬಂದವರು ತಮಾಷೆ ಅಂದುಕೊಂಡು ನಗುತ್ತಿದ್ದರು. ತಮಾಷೆಯೇನಲ್ಲ. ಬೆಳಿಗ್ಗೆ, ಊರಿನವರು ಹಾಡು ಕೇಳಲು ಬರುವ 'ಕೇಳುವ ಮನೆ'ಯ ಬಾಗಿಲು ತೆಗೆದೊಡನೆ ನನ್ನ ಮೊದಲ ಕೆಲಸವೇ ಎರಡು ಉಂಡೆ ಹತ್ತಿಗೆ ಕೊಬ್ಬರಿ ಎಣ್ಣೆ ಸವರಿ ಕಿವಿಗೆ ತುರುಕಿಕೊಳ್ಳುವುದು. ಆಮೇಲೆ ಪೆಟ್ಟಿಗೆಯಿಂದ ಗ್ರಾಮಫೋನ್ ಪ್ಲೇಟು ತೆಗೆದು, ಹಳೆಯ ಪಂಚೆಯ ತುಂಡಿನಿಂದ ಒರೆಸಿ, ಯಂತ್ರದ ಮೇಲಿಟ್ಟು, ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರನ್ನು ಒಬ್ಬೊಬ್ಬರಾಗಿ ಒಳಗೆ ಕರೆಯುತ್ತಿದ್ದೆ. ಪ್ಲೇಟು ಮುಟ್ಟುವವಳು ಹಾಡು ಕೇಳಬಾರದು. ಕೇಳಿದರೆ ಕೈ ನಡುಗುತ್ತದೆ, ಕೈ ನಡುಗಿದರೆ ಮುಳ್ಳು ಜಾರುತ್ತದೆ, ಇರುವುದು ಒಂದೇ ಮುಳ್ಳು. ನನಗಿಂತ ಮೊದಲು ಈ ಕೆಲಸ ಮಾಡುತ್ತಿದ್ದ ಸೀಬಮ್ಮ ನನಗೆ ಕಲಿಸಿದ್ದು ಹಾಡನ್ನು ಬೆನ್ನಿನಲ್ಲಿ ನೋಡುವುದನ್ನು. ಕುರ್ಚಿಯಲ್ಲಿ ಕೂತವರ ಬೆನ್ನು ನನ್ನ ಕಡೆಗಿರುತ್ತದೆ. ಹೆಗಲು ಮೇಲಕ್ಕೆ ಸೆಟೆಯಿತೆಂದರೆ ಹಾಡು ತಗುಲಿದೆ, ಇಳಿದು ಅಲುಗತೊಡಗಿತೆಂದರೆ ಕಣ್ಣೀರು ಬಂದಿದೆ. ಆಗ ನಾನು ಕಿಟಕಿಯಾಚೆ ನೋಡುತ್ತಾ ನಿಲ್ಲುತ್ತಿದ್ದೆ.

ಪ್ಲೇಟಿನಲ್ಲಿ ಹಾಡಿದವಳು ಮಿಸ್ ಕಾರ್ಮಿನ್. ಲಕೋಟೆಯ ಮೇಲೆ ಅವಳ ಚಿತ್ರವಿದೆ. ಎತ್ತಿ ಕಟ್ಟಿದ ಗುಂಗುರು ಕೂದಲು, ತೋಳಿಲ್ಲದ ರವಿಕೆ, ಕಪ್ಪು ಸೀರೆ, ಯಾರನ್ನೋ ಕಾದು ಕಾದು ಬೇಸತ್ತ ಮುಖ. ಹಿಂದೆ ಸೂಟು ಹಾಕಿಕೊಂಡ ನಾಲ್ವರು ವಾದ್ಯದವರು. ಒಬ್ಬನ ಕೈಯಲ್ಲಿ ಸ್ಯಾಕ್ಸೊಫೋನು, ಇನ್ನೊಬ್ಬ ತನಗಿಂತ ಎತ್ತರದ ಪಿಟೀಲನ್ನು ತಬ್ಬಿಕೊಂಡು ನಿಂತಿದ್ದಾನೆ. ಈ ಮಗ್ಗುಲಲ್ಲಿ ಐದು, ಆ ಮಗ್ಗುಲಲ್ಲಿ ಐದು, ಒಟ್ಟು ಹತ್ತು ಹಾಡು. ಹತ್ತೂ ಬಿಟ್ಟುಹೋದವರ ಮೇಲಿನ ಹಾಡುಗಳೇ. ಹೆಸರುಗಳ ಅಕ್ಷರ ಎಂದೋ ಅಳಿಸಿಹೋಗಿರುವುದರಿಂದ ಮೂರನೆಯದು, ಏಳನೆಯದು ಎಂದು ಎಣಿಸಿಯೇ ನಮಗೆ ರೂಢಿ. ಈ ಪ್ಲೇಟು ಹಾಕದೆ ನಮ್ಮೂರಿನಲ್ಲಿ ಯಾರಿಗೂ ಕಣ್ಣೀರು ಬರುವುದಿಲ್ಲ. ಈರುಳ್ಳಿ ಹೆಚ್ಚಿದರೂ ಇಲ್ಲ, ಹೆತ್ತ ತಾಯಿ ಸತ್ತರೂ ಇಲ್ಲ. ಸಾವಿನ ಮನೆಗೆ ಬೇರೆ ಊರಿನ ನೆಂಟರು ಬಂದರೆ ನಮ್ಮನ್ನು ಕಲ್ಲೆದೆಯವರು ಎಂದು ಬೈದುಕೊಂಡು ಹೋಗುತ್ತಾರೆ. ಅವರಿಗೇನು ಗೊತ್ತು, ಮೂರನೆಯ ದಿನ ಮನೆಯವರೆಲ್ಲ ಹಳೇ ಬಟ್ಟೆ ಉಟ್ಟು, ಹೆಗಲಿಗೊಂದು ಟವೆಲ್ಲು ಹಾಕಿಕೊಂಡು ನನ್ನ ಬೆಂಚಿಗೆ ಬಂದು ಕೂರುತ್ತಾರೆ. ಒಳಗಿನಿಂದ ಹೊರಬಂದವರಿಗೆ ಶುಂಠಿ ಬೆಲ್ಲದ ಬಿಸಿನೀರು ಕೊಡುವುದು ಪದ್ಧತಿ. ಅದನ್ನು ಕುಡಿದು, ಮೂಗು ಒರೆಸಿಕೊಂಡು, ಸಂತೆಯ ಸಾಮಾನಿನ ಮಾತಾಡುತ್ತ ಮನೆಗೆ ಹೋಗುತ್ತಾರೆ.

ಎಲ್ಲರಿಗೂ ಎಲ್ಲ ಹಾಡೂ ಆಗುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು. ಮೊದಲ ಸಲ ದುಃಖ ಬಂದವರಿಗೆ ಒಂದರ ಮೇಲೊಂದು ಹಾಕುತ್ತಾ ಹೋಗಬೇಕು, ಎಲ್ಲಿ ಹೆಗಲು ಸೆಟೆಯುತ್ತದೋ ಅದು ಅವರದು, ಸಾಯುವ ತನಕ ಅವರದು. ತನ್ನ ಹಾಡು ಯಾವುದೆಂದು ಯಾರೂ ಇನ್ನೊಬ್ಬರಿಗೆ ಹೇಳುವುದಿಲ್ಲ, ಗುನುಗುವುದೂ ಇಲ್ಲ. ಗಂಡ ಹೆಂಡತಿ ಮಾತ್ರ ಒಮ್ಮೊಮ್ಮೆ ಹೇಳಿಕೊಳ್ಳುತ್ತಾರಂತೆ. ಈಗಲೇ ಅಳಲು ಇಷ್ಟವಿಲ್ಲದವರು ತಮ್ಮ ಹಾಡನ್ನು ಮುಂದಕ್ಕೆ ಹಾಕಬಹುದು. ವರ್ಷಗಟ್ಟಲೆ ಮುಂದಕ್ಕೆ ಹಾಕಿದರೂ ಏನೂ ಆಗುವುದಿಲ್ಲ. ಹಾಡೊಂದು ಕಾದಿದೆ ಎನ್ನುವ ಧೈರ್ಯವಿರುವ ತನಕ ಕಣ್ಣು ಸರಿಯಾಗೇ ಇರುತ್ತದೆ. ತೊಂದರೆ ಇರುವುದು ಎಲ್ಲ ಹಾಡುಗಳನ್ನೂ ಕೇಳಿ, ಒಂದೂ ತಗುಲದೆ ಎದ್ದು ಹೋಗುವವರಿಗೆ. ಅವರು ಒಣಗುತ್ತಾರೆ. ರೆಪ್ಪೆ ಬಡಿದರೆ ಸದ್ದಾಗುತ್ತದೆ. ಬಾಯಿಗೆ ಉಪ್ಪಿನ ರುಚಿ ಹತ್ತುವುದಿಲ್ಲ. ಮಲಗಿದಾಗ ಕಣ್ಣು ತಾನಾಗಿ ಮುಚ್ಚುವುದಿಲ್ಲ. ಸೀಬಮ್ಮನ ಕಾಲದಲ್ಲಿ ಅಂಥವರು ಒಬ್ಬರೂ ಇರಲಿಲ್ಲ. ನನ್ನ ಕಾಲದಲ್ಲಿ ಏಳು ಜನರಾದರು.

ಏಳಕ್ಕೆ ಏಳೂ ನಾನು ಮಾಡಿದ್ದು. ಅದನ್ನು ಹೇಳಬೇಕಾದರೆ ಪದ್ಮಪಾಲನಿಂದ ಶುರು ಮಾಡಬೇಕು.

ಪದ್ಮಪಾಲ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ. ನಾಲ್ಕು ವರ್ಷ ಅವನೂ ನಾನೂ ಊರಿಗೆಲ್ಲ ಗೊತ್ತಿರುವ ಹಾಗೆ ಜೊತೆಗಿದ್ದೆವು. ದಿನಾ ಸಂಜೆ ನಮ್ಮ ಮನೆಗೆ ಬಂದು ಕಾಫಿ ಕುಡಿದು ಹೋಗುತ್ತಿದ್ದ. ಹಳೆಯ ಸುಣ್ಣದ ಗೂಡಿನ ಹಿಂದೆ ಕೂತಿದ್ದಾಗ ಒಂದು ದಿನ ನನ್ನ ಕಿವಿಯ ಹತ್ತಿರ ಬಾಯಿಟ್ಟು ಎರಡು ಸಾಲು ಗುನುಗಿದ. "ಇದು ನಂದು. ಹತ್ತನೇದು. ಅಮ್ಮ ಹೋದಾಗ ಸಿಕ್ತು," ಅಂದ. ತಾಳಿ ಕಟ್ಟಿದ್ದರೂ ನಾನು ಅಷ್ಟು ಹಿಗ್ಗುತ್ತಿರಲಿಲ್ಲ. ಅದಾಗಿ ಎಂಟು ತಿಂಗಳಿಗೆ ಒಂದು ಸೋಮವಾರ ಬಂದು, ಹೊಸ್ತಿಲ ಹೊರಗೇ ನಿಂತು, "ವಾರಿಜಾ, ಮನೇಲಿ ಬೇರೆ ಕಡೆ ಮಾತಾಗಿದೆ ಕಣೆ," ಅಂದ. ಮಾತಾಗಿ ಆಗಲೇ ಎರಡು ತಿಂಗಳಾಗಿತ್ತೆಂದು ಆಮೇಲೆ ತಿಳಿಯಿತು. ಹೆಣ್ಣಿನ ಹೆಸರು ಇಂದುಮತಿ, ಪಕ್ಕದ ಬೀದಿಯವಳೇ. ಅವರ ಮದುವೆಗೆ ಅವನ ಬ್ಯಾಂಡಿನವರೇ ಬಾರಿಸಿದರು. ಅವನು ಹೋದ ಮೇಲೂ ಎಷ್ಟೋ ದಿನ ಸಂಜೆ ಕಾಫಿಗೆ ಎರಡು ಲೋಟ ತೆಗೆದಿಟ್ಟು, ಒಂದನ್ನು ವಾಪಸು ಗೋಡೆಯ ಗೂಡಿಗೆ ಇಡುತ್ತಿದ್ದೆ.

ನನ್ನ ಹಾಡು ಯಾವುದೆಂದು ಹುಡುಕಲು ನಾನು ಹೋಗಲೇ ಇಲ್ಲ. ಹುಡುಕುವುದೇನು ಬಂತು? ಅವನದು ಹತ್ತನೆಯದಾದರೆ ನನ್ನದೂ ಅದೇ. ಹಾಗೆಂದು ಯಾರೂ ನನಗೆ ಹೇಳಿರಲಿಲ್ಲ. ನಾನೇ ತೀರ್ಮಾನ ಮಾಡಿಕೊಂಡೆ, ಮಾಡಿಕೊಂಡದ್ದನ್ನು ಬಂಡೆಯ ಹಾಗೆ ನಂಬಿದೆ. ಈಗ ಕೇಳುವುದು ಬೇಡ, ಇರಲಿ, ಅಂದುಕೊಂಡೆ. ನಮ್ಮೂರಲ್ಲಿ ಅತ್ತರೆ ಮುಗಿಯಿತು. ಅತ್ತು ಶುಂಠಿ ನೀರು ಕುಡಿದವರು ಆಮೇಲೆ ಹೋದವರ ಹೆಸರನ್ನು ಪಕ್ಕದೂರಿನ ಹೆಸರು ಹೇಳಿದಷ್ಟು ಸುಲಭವಾಗಿ ಹೇಳುತ್ತಾರೆ. ನನಗೆ ಅವನು ಮುಗಿಯುವುದು ಬೇಕಿರಲಿಲ್ಲ. ಅಷ್ಟರಲ್ಲಿ ಸೀಬಮ್ಮನ ಕೈ ಸೋತಿತು, ಗಂಡನಿಲ್ಲದ ಮಕ್ಕಳಿಲ್ಲದ ಹೆಂಗಸೇ ಆ ಕೆಲಸಕ್ಕೆ ಆಗಬೇಕಿತ್ತು, ಊರಿನವರು ನನ್ನನ್ನು ಕರೆದರು. ಮೊದಲ ವಾರ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿದೆ. ಒಂಬತ್ತು ಹಾಡುಗಳ ಗೆರೆಗಳು ಮಂಕಾಗಿದ್ದವು. ಪ್ರತಿ ಸಲ ಮುಳ್ಳು ಓಡಿದಾಗಲೂ ಒಂದಿಷ್ಟು ಸವೆಯುತ್ತದಲ್ಲ. ಹತ್ತನೆಯದು ಮಾತ್ರ, ನಡುವಿನ ಕಾಗದದ ಪಕ್ಕದಲ್ಲಿರುವುದು, ಇನ್ನೂ ಹೊಳೆಯುತ್ತಿತ್ತು. ಆ ಹಾಡಿನವರು ಊರಲ್ಲಿ ಕಮ್ಮಿ. ಅದರ ಹೊಳಪು ನೋಡಿ ನನಗೆ ಭಯವಾಯಿತು. ನಾನು ಕೇಳಬೇಕೆನ್ನುವ ಹೊತ್ತಿಗೆ ಇದೂ ಸವೆದುಹೋದರೆ?

ಮರುವಾರ ಯಾರೋ ಒಂಬತ್ತು ಹಾಡು ಮುಗಿಸಿ ತಿರುಗಿ ನೋಡಿದಾಗ ನನ್ನ ಬಾಯಿಂದ ಬಂದ ಮಾತು: "ಹತ್ತನೇದಕ್ಕೆ ಗೀರು ಬಿದ್ದಿದೆ. ಹಾಕಿದ್ರೆ ಮುಳ್ಳು ಮುರಿಯತ್ತೆ." ನಾನೇ ಬೆರಗಾಗುವಷ್ಟು ಸಲೀಸಾಗಿ ಬಂತು. ಪ್ಲೇಟು ಮುಟ್ಟಿ ನೋಡುವ ಅಧಿಕಾರ ನನ್ನೊಬ್ಬಳದು. ಯಾರೂ ಸಂಶಯ ಪಡಲಿಲ್ಲ.

ಆ ಏಳು ಜನರಲ್ಲಿ ಭುಜಂಗ ಮೇಷ್ಟ್ರು ತೀರಿಕೊಂಡಾಗ ಅವರ ಕಣ್ಣು ಮುಚ್ಚಿಸಲು ಯಾರಿಗೂ ಆಗಲಿಲ್ಲ. ನಾನು ಹೂವಿನ ಹಾರ ತೆಗೆದುಕೊಂಡು ಹೋಗಿ, ಕಾಲಿನ ಕಡೆ ಇಟ್ಟು, ಮುಖ ನೋಡದೆ ಬಂದೆ. ಉಳಿದವರಲ್ಲಿ ನನಗೆ ದಿನಾ ಕಣ್ಣಿಗೆ ಬೀಳುತ್ತಿದ್ದವನು ಕ್ಷೌರದಂಗಡಿಯ ತಿರುಮಲ. ಅವನ ಹೆಂಡತಿ ಕುಸುಮ ಸಂತೆಗೆಂದು ಹೋದವಳು ಬರಲಿಲ್ಲ. ಬರುವುದಿಲ್ಲವೆಂದು ಮೂರನೆಯ ದಿನ ಚೀಟಿ ಮಾತ್ರ ಬಂತು. ಹನ್ನೊಂದು ವರ್ಷದ ಹಿಂದೆ ಅವನು ನನ್ನ ಕುರ್ಚಿಯಲ್ಲಿ ಕೂತು ಒಂಬತ್ತೂ ಕೇಳಿದ, ಹೆಗಲು ಅಲುಗಲಿಲ್ಲ. "ಗೀರಾ? ಅಯ್ಯೋ ಪಾಪ, ನೀವೇನು ಮಾಡ್ತೀರಿ ಬಿಡಿ ಅಕ್ಕಾವ್ರೆ," ಎಂದು ನನ್ನನ್ನೇ ಸಮಾಧಾನ ಮಾಡಿ ಹೋದ. ಪ್ರತಿ ವರ್ಷ ಅದೇ ದಿನ ಬರುತ್ತಿದ್ದ. ಯಾರಿಗೆ ಗೊತ್ತು, ಮನಸ್ಸು ಬದಲಾಗಿ ಬೇರೆ ಯಾವುದಾದರೂ ತಗುಲಬಹುದು ಎಂದು ಒಂಬತ್ತನ್ನೂ ಮತ್ತೆ ಕೇಳುತ್ತಿದ್ದ. ನಾನು ಶ್ರದ್ಧೆಯಿಂದ ಒಂಬತ್ತನ್ನೂ ಹಾಕುತ್ತಿದ್ದೆ. ರೆಪ್ಪೆಯ ಸದ್ದಿಗೆ ಅವನ ಅಂಗಡಿಗೆ ಚಿಕ್ಕ ಮಕ್ಕಳು ಬರುವುದು ನಿಂತುಹೋಗಿತ್ತು.

ಹೀಗಿರುವಾಗ ಈ ಸಲದ ಚಳಿಗಾಲದಲ್ಲಿ ಪದ್ಮಪಾಲ ಸತ್ತ. ಎದೆ ಹಿಡಿದುಕೊಂಡು ಅಂಗಳದಲ್ಲೇ ಕೂತನಂತೆ, ಮೇಲೇಳಲಿಲ್ಲ. ಸುದ್ದಿ ಕೇಳಿದಾಗ ನಾನು ಪ್ಲೇಟು ಒರೆಸುತ್ತಿದ್ದೆ. ಒರೆಸುವುದನ್ನು ಮುಗಿಸಿ ಪೆಟ್ಟಿಗೆಗೆ ಹಾಕಿ, ಇನ್ನು ಕೇಳಿಬಿಡುವ ಕಾಲ ಬಂತು ಅಂದುಕೊಂಡೆ. ತನ್ನ ಹಾಡಿಗೆ ತಾನೇ ಮುಳ್ಳು ಇಟ್ಟುಕೊಂಡರೆ ಆಗುವುದಿಲ್ಲ, ಇನ್ನೊಬ್ಬರ ಕೈಯೇ ಬೇಕು. ಯಾರನ್ನು ಕರೆಯಲಿ, ಏನೆಂದು ಹೇಳಲಿ ಎಂದು ಲೆಕ್ಕ ಹಾಕುತ್ತಿರುವಾಗಲೇ ಮೂರನೆಯ ದಿನ ಬಂತು. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಇಂದುಮತಿ ನನ್ನ ಬೆಂಚಿನ ಮೇಲೆ ಕೂತಿದ್ದಳು.

ಅವಳು ಹಪ್ಪಳ ಮಾಡಿ ಮಾರುವವಳು. ಬೆರಳ ಸಂದಿಯಲ್ಲಿ ಉದ್ದಿನ ಹಿಟ್ಟು ಇನ್ನೂ ಇತ್ತು. ಅವಳ ಅಪ್ಪ ಅಮ್ಮ ಗಟ್ಟಿಯಾಗಿದ್ದರಿಂದ ಅವಳಿಗೆ ಇದೇ ಮೊದಲ ದುಃಖ. ಒಂದರಿಂದ ಒಂಬತ್ತರವರೆಗೆ ಹಾಕಿದೆ. ಬೆನ್ನು ಗೋಡೆಯ ಹಾಗೆ ನೆಟ್ಟಗಿತ್ತು.

"ಇನ್ನೊಂದಿದೆಯಲ್ಲಾ ಅಕ್ಕಾ," ನನ್ನ ಕಡೆ ತಿರುಗಿ ಅಂದಳು. ಹತ್ತಿ ಇದ್ದರೂ ತುಟಿ ಓದುವುದು ನನಗೆ ಬರುತ್ತದೆ.

"ಹತ್ತನೇದಕ್ಕೆ ಗೀರು ಬಿದ್ದಿದೆ."

"ಬಿದ್ರೂ ಪರವಾಗಿಲ್ಲ, ಹಾಕಿ."

"ಮುಳ್ಳು ಮುರಿದ್ರೆ ಊರಿಗೆ ಯಾರು ಉತ್ತರ ಹೇಳೋದು?"

ಅವಳು ಎದ್ದು ಹೋದಳು. ಮಾರನೆಯ ದಿನ ಬಂದಳು, ಒಳಗೆ ಬರಲಿಲ್ಲ, ಬೆಂಚಿನ ಮೇಲೆ ಕೂತು ಮಧ್ಯಾಹ್ನ ಎದ್ದು ಹೋದಳು. ಅದರ ಮರುದಿನವೂ ಹಾಗೇ. ಆ ದಿನ ಬೇರೆ ಯಾರೂ ಇರಲಿಲ್ಲ. ನಾನು ಹತ್ತಿ ತೆಗೆದು ಬಾಗಿಲು ಹಾಕಲು ಹೊರಟಾಗ ಕೇಳಿದಳು: "ಅವರ ಹಾಡು ಯಾವುದೂಂತ ನಿಮ್ಗೆ ಗೊತ್ತಾ?"

"ನಮ್ಗೆ ಯಾರ ಹಾಡೂ ಗೊತ್ತಿರಲ್ಲಮ್ಮಾ. ಕಿವಿಗೆ ಹತ್ತಿ."

"ನಾನು ಕೇಳಿದ್ದು ಪ್ಲೇಟು ಹಾಕೋರನ್ನಲ್ಲ. ವಾರಿಜಕ್ಕನ್ನ."

ನಾನು ಚಿಲಕದ ಮೇಲೆ ಕೈ ಇಟ್ಟುಕೊಂಡೇ ನಿಂತೆ. ಅವಳ ದನಿಯಲ್ಲಿ ಜಗಳವಿರಲಿಲ್ಲ. "ಹತ್ತೊಂಬತ್ತು ವರ್ಷ ಸಂಸಾರ ಮಾಡಿದ್ವಿ. ಒಂದಿನ ಬಾಯಿ ಬಿಡ್ಲಿಲ್ಲ. ನಾನೇ ನಾಚಿಕೆ ಬಿಟ್ಟು ಒಂದ್ಸಲ ಕೇಳ್ದೆ. ಅದನ್ನ ಒಂದು ಕಡೆ ಇಟ್ಟು ಬಂದಿದೀನಿ, ನನ್ ಹತ್ರ ಇಲ್ಲ ಅಂದ್ರು," ಅಂದಳು.

ಆ ಮಾತು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಅದನ್ನು ಹೇಳಿಕೊಳ್ಳಲು ಈಗಲೂ ಹೇಸಿಗೆಯಾಗುತ್ತದೆ. ಗಂಡನನ್ನು ಕಳೆದುಕೊಂಡ ಹೆಂಗಸು ಎದುರಿಗೆ ನಿಂತಿದ್ದಾಳೆ, ನಾನು ಒಳಗೊಳಗೇ ಕುಣಿಯುತ್ತಿದ್ದೇನೆ. ಅವನು ನನ್ನ ಹತ್ತಿರ ಬಿಟ್ಟುಹೋದದ್ದನ್ನು ಇವಳ ಕೈಗೆ ಯಾಕೆ ಕೊಡಲಿ? "ನಂಗೆ ಗೊತ್ತಿಲ್ಲ," ಎಂದು ಹೇಳಿ ಚಿಲಕ ಹಾಕಿದೆ.

ಅವಳು ಬರುವುದನ್ನು ಬಿಡಲಿಲ್ಲ. ಏಳನೆಯ ದಿನ ಬೆಳಿಗ್ಗೆ ನಾನು ಒಳಗೆ ಪ್ಲೇಟು ಒರೆಸುತ್ತಿದ್ದೆ, ಆ ದಿನ ಎಣ್ಣೆ ಸವರಿದ ಹತ್ತಿಯನ್ನು ಇನ್ನೂ ಕಿವಿಗೆ ಇಟ್ಟಿರಲಿಲ್ಲ. ಅದು ತಿರುಮಲನ ವರ್ಷದ ದಿನವೂ ಆಗಿತ್ತು. ನನಗೆ ಮರೆತೇ ಹೋಗಿತ್ತು. ಬೆಂಚಿನ ಮೇಲೆ ಇಬ್ಬರೂ ಕೂತು ಮಾತಾಡುವುದು ಕಿಟಕಿಯಿಂದ ಕೇಳಿಸಿತು.

"ಎಷ್ಟನೇ ದಿನಮ್ಮಾ?" ಎಂದು ತಿರುಮಲ ಕೇಳುತ್ತಿದ್ದ.

"ಏಳನೇದು."

"ರೆಪ್ಪೆ ಸದ್ದು ಶುರುವಾಯ್ತಾ?"

"ನಿನ್ನೆಯಿಂದ."

"ಬೆಳಗಿನ ಜಾವ ಜಾಸ್ತಿ ಇರತ್ತೆ. ಒಂದು ಬಟ್ಲಲ್ಲಿ ನೀರು, ಒಂದು ಮೆತ್ತಗಿರೋ ಬಟ್ಟೆ, ದಿಂಬಿನ ಪಕ್ಕ ಇಟ್ಕೊಳಿ. ತಣ್ಣೀರಲ್ಲ, ಉಗುರು ಬೆಚ್ಚಗಿರೋ ನೀರು. ಮಲಗೋವಾಗ ರೆಪ್ಪೇನ ಬೆರಳಲ್ಲಿ ಎಳ್ಕೊಂಡು ಸ್ವಲ್ಪ ಹೊತ್ತು ಒತ್ತಿ ಹಿಡ್ಕೋಬೇಕು. ಬಿಟ್ರೆ ತೆರ್ಕೊಳತ್ತೆ. ಮತ್ತೆ ಹಿಡ್ಕೋಬೇಕು."

"ಮೊನ್ನೆ ಹಪ್ಪಳದ ಹಿಟ್ಟಿಗೆ ಮೂರು ಸಲ ಉಪ್ಪು ಹಾಕ್ಬಿಟ್ಟೆ. ಎಲ್ಲಾ ವಾಪಸ್ ಬಂತು," ಅಂದಳು ಇಂದುಮತಿ.

"ಉಪ್ಪನ್ನ ನಾಲಿಗೇಲಿ ನೋಡಕ್ಕೆ ಹೋಗ್ಬೇಡಿ. ಬೆರಳಲ್ಲಿ ನೋಡಿ. ಒಂದು ಪಾವು ಹಿಟ್ಟಿಗೆ ಇಷ್ಟು ಚಿಟಿಕೆ ಅಂತ ಕೈ ಕಲಿತುಬಿಡತ್ತೆ. ನಾನು ಸಾರು ಮಾಡ್ಕೊಳೋದು ಹಂಗೇನೇ."

"ಅಭ್ಯಾಸ ಆಗಕ್ಕೆ ಎಷ್ಟು ದಿನ ಬೇಕು?"

ತಿರುಮಲನ ರೆಪ್ಪೆಯ ಸದ್ದು ನನಗೆ ಒಳಗಿನ ತನಕ ಕೇಳಿಸಿತು. "ಮೊದಲೆರಡು ವರ್ಷ ಕಷ್ಟ. ಆಮೇಲೆ ಕಷ್ಟ ಅಂತ್ಲೂ ಅನ್ಸಲ್ಲ. ಹೆದರ್ಕೋಬೇಡಿ," ಅಂದ.

ತನಗೆ ಗೊತ್ತಿರುವ ಕಸುಬನ್ನು ಹೊಸಬರಿಗೆ ಹೇಳಿಕೊಡುವಷ್ಟು ನಿಧಾನವಾಗಿ, ಅಕ್ಕರೆಯಿಂದ ಹೇಳುತ್ತಿದ್ದ. ಆ ಕಸುಬನ್ನು ಅವನ ತಲೆಗೆ ಕಟ್ಟಿದವಳು ನಾನು. ಕೈಯಲ್ಲಿದ್ದ ಪ್ಲೇಟನ್ನು ಯಂತ್ರದ ಮೇಲಿಟ್ಟೆ. ಭುಜಂಗ ಮೇಷ್ಟ್ರ ತೆರೆದ ಕಣ್ಣುಗಳು, ನಾನು ನೋಡದೆ ಬಂದವು, ಆಗ ನನ್ನನ್ನು ನೋಡಿದವು. ಇನ್ನು ತಡೆದರೆ ಮತ್ತೆ ಮನಸ್ಸು ಬದಲಾಯಿಸಿಬಿಡುತ್ತೇನೆ ಎಂದು ನನಗೆ ನನ್ನ ಮೇಲೇ ಅನುಮಾನ. ಬಾಗಿಲಿಗೆ ಬಂದು, "ಇಬ್ರೂ ಒಳಗೆ ಬನ್ನಿ," ಅಂದೆ.

ಇಬ್ಬರನ್ನು ಒಟ್ಟಿಗೆ ಕೂರಿಸುವುದು ಪದ್ಧತಿಯಲ್ಲ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಿರುಮಲ ಕುರ್ಚಿಯನ್ನು ಅವಳಿಗೆ ಬಿಟ್ಟು ನೆಲದ ಮೇಲೆ ಕೂತ. ನಾನು ಪ್ಲೇಟನ್ನು ಆ ಮಗ್ಗುಲಿಗೆ ತಿರುಗಿಸಿ, ಮುಳ್ಳನ್ನು ಎತ್ತಿ, ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಕೊಂಡೊಯ್ಯದಷ್ಟು ಒಳಕ್ಕೆ ಕೊಂಡೊಯ್ದೆ. ಎಣ್ಣೆ ಸವರಿದ ಹತ್ತಿ ಮೇಜಿನ ಮೇಲೆ ಹಾಗೇ ಇತ್ತು. ಕೊಡುವುದಾದರೆ ನಾನೂ ನನ್ನ ಪಾಲು ತೆಗೆದುಕೊಂಡೇ ಕೊಡುತ್ತೇನೆ, ಮುಳ್ಳಿಟ್ಟವಳಿಗೆ ಆಗುವುದಿಲ್ಲವೆಂಬುದು ಸೀಬಮ್ಮನ ಹೆದರಿಕೆಯ ಮಾತಿರಬೇಕು, ನನ್ನ ದುಃಖಕ್ಕೆ ಅದು ಎಲ್ಲಿ ತಡೆದೀತು ಅಂದುಕೊಂಡು ಮುಳ್ಳು ಇಳಿಸಿದೆ.

ಮೊದಲು ಆ ದೊಡ್ಡ ಪಿಟೀಲಿನ ತಂತಿಯನ್ನು ಯಾರೋ ಬೆರಳಿನಿಂದ ಮೀಟಿದರು, ನಡೆದು ಬರುವ ಹೆಜ್ಜೆಯಷ್ಟು ನಿಧಾನವಾಗಿ. ಅದರ ಹಿಂದೆ ಅಕ್ಕಿ ಕೇರುವ ಹಾಗೆ ಮೆಲ್ಲನೆ ಒಂದು ಸದ್ದು. ಆಮೇಲೆ ಮಿಸ್ ಕಾರ್ಮಿನ್ ಹಾಡಿದಳು. ನಾನು ಅಂದುಕೊಂಡದ್ದಕ್ಕಿಂತ ದಪ್ಪ ದನಿ, ಮಾತಾಡಿದ ಹಾಗೇ ಹಾಡುತ್ತಾಳೆ. ನಿನ್ನ ಊರಿಗೆ ಹೋಗುವ ರೈಲು ನಿಂತುಹೋಗಿದೆಯಂತೆ, ಸ್ಟೇಷನ್ನಿನಲ್ಲಿ ನಾನೊಬ್ಬಳೇ ಎಂದು. ಒಂದು ಅಕ್ಷರವೂ ಸವೆದಿರಲಿಲ್ಲ. ಸಾಲಿನ ನಡುವೆ ಅವಳು ಉಸಿರೆಳೆದದ್ದೂ ಕೇಳಿಸುತ್ತಿತ್ತು. ಸುಣ್ಣದ ಗೂಡಿನ ಹಿಂದೆ ಪದ್ಮಪಾಲ ಗುನುಗಿದ ಎರಡು ಸಾಲೂ ಬಂದವು.

ಇಂದುಮತಿಯ ಹೆಗಲು ಸೆಟೆಯಿತು, ಇಳಿಯಿತು. ಅವಳು ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಮುಂದಕ್ಕೆ ಬಾಗಿದಳು. ತಿರುಮಲ ಅಳುವುದು ಮರೆತವನ ಹಾಗೆ ಎರಡು ಸಲ ಬಿಕ್ಕಿ, ಆಮೇಲೆ ದೊಡ್ಡ ದನಿ ತೆಗೆದು ಅತ್ತ. ನಾನು ಅವರ ಬೆನ್ನ ಹಿಂದೆ ನಿಂತು ಕಾದೆ. ಈಗ ಬರುತ್ತದೆ, ಈ ಸಾಲಿಗೆ ಬರುತ್ತದೆ, ಮುಂದಿನ ಸಾಲಿಗೆ ಬರುತ್ತದೆ. ಸ್ಯಾಕ್ಸೊಫೋನಿನವನು ಊದುವ ಮೊದಲು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಹಾಡು ಚೆನ್ನಾಗಿತ್ತು. ಅಷ್ಟೇ. ಯಾರದೋ ಮನೆಯ ಆರತಕ್ಷತೆಯಲ್ಲಿ ಕೇಳಿದ ಒಳ್ಳೆಯ ಹಾಡಿನಷ್ಟು ಚೆನ್ನಾಗಿತ್ತು. ಮುಳ್ಳು ಕೊನೆಯ ಗೆರೆಗೆ ಬಂದು ಸುಮ್ಮನೆ ಸುತ್ತತೊಡಗಿತು. ನನ್ನ ಕೈ ಒಂದಿಷ್ಟೂ ನಡುಗಿರಲಿಲ್ಲ.

ತಿರುಮಲ ಕೆನ್ನೆಯನ್ನು ಬೆರಳಿನಿಂದ ಮುಟ್ಟಿ, ಬೆರಳನ್ನು ನಾಲಿಗೆಗೆ ಇಟ್ಟುಕೊಂಡ. "ಉಪ್ಪು," ಅಂದ. ಇಂದುಮತಿಗೆ ತೋರಿಸುವವನ ಹಾಗೆ ಇನ್ನೊಮ್ಮೆ, "ಉಪ್ಪು ಕಣಮ್ಮಾ!" ಅಂದ. ಆಮೇಲೆ ಎದ್ದು ಯಂತ್ರದ ಹತ್ತಿರ ಬಂದು ಬಗ್ಗಿ ನೋಡಿದ.

"ಗೀರು ಎಲ್ಲಿ ಅಕ್ಕಾವ್ರೆ?"

"ಇಲ್ಲ."

"ಯಾವಾಗಿಂದ ಇಲ್ಲ?"

"ಯಾವತ್ತೂ ಇರ್ಲಿಲ್ಲ."

ಬೈಯುತ್ತಾನೆ, ಹೊಡೆದರೂ ಹೊಡೆದಾನು ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವನು ಪ್ಲೇಟನ್ನೇ ನೋಡುತ್ತಾ, "ಹನ್ನೊಂದು ವರ್ಷ," ಅಂದ. ಮೂಗು ಒರೆಸಿಕೊಂಡು, ಮೆಟ್ಟು ಮೆಟ್ಟಿಕೊಂಡು, ಶುಂಠಿ ನೀರಿಗೂ ನಿಲ್ಲದೆ ಹೋದ.

ಇಂದುಮತಿ ಮಾತ್ರ ಉಳಿದಳು. ಅತ್ತು ಕೆಂಪಾದ ಕಣ್ಣಿನಿಂದ ನನ್ನನ್ನು ನೋಡಿದಳು. "ನೀವೂ ಹತ್ತಿ ತೆಗ್ದಿದ್ರಿ. ನಿಮ್ಗೆ ಬರ್ಲಿಲ್ವಾ?"

"ನನ್ ಕೈಯಿಂದ ಹಾಕ್ದೆ, ಅದಕ್ಕೇ ಇರ್ಬೇಕು." ನನಗೇ ನಂಬಿಕೆಯಿಲ್ಲದೆ ಹೇಳಿದೆ.

"ಕೂತ್ಕೊಳಿ," ಅಂದಳು. ಮುಳ್ಳು ಹಿಡಿಯುವುದನ್ನು ತೋರಿಸಿಕೊಟ್ಟೆ. ಹಪ್ಪಳ ಎತ್ತಿ ಅಭ್ಯಾಸವಾದ ಬೆರಳುಗಳು, ಒಂದೇ ಸಲಕ್ಕೆ ಕಲಿತಳು. ಅವಳೂ ಹತ್ತಿ ಇಟ್ಟುಕೊಂಡಳು. ನಾನು ಮೊದಲ ಸಲ ಆ ಕುರ್ಚಿಯಲ್ಲಿ, ಅವಳಿಗೆ ಬೆನ್ನು ಮಾಡಿ ಕೂತೆ. ಹತ್ತನೆಯದು ಮತ್ತೆ ಬಂತು, ಮತ್ತೆ ಹೋಯಿತು. ನನ್ನ ಹೆಗಲನ್ನು ನೋಡಿದ ಅವಳು ಕೇಳದೆಯೇ ಪ್ಲೇಟು ತಿರುಗಿಸಿ ಮೊದಲಿನಿಂದ ಹಾಕಿದಳು. ಒಂದನೆಯದು. ಎರಡನೆಯದು. ಏನೂ ಇಲ್ಲ.

ಮೂರನೆಯದು ಊರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಜನರ ಹಾಡು. ವಾರಕ್ಕೆ ನಾಲ್ಕು ಸಲವಾದರೂ ನಾನೇ ಹಾಕಿದ್ದೇನೆ. ಇತ್ತೀಚೆಗೆ ಆ ಹಾಡಿನವರ ಹೆಗಲು ತಡವಾಗಿ ಅಲುಗುವುದನ್ನು ಕಂಡಿದ್ದೆ, ಕೆಲವರು ಒಂದೇ ದಿನ ಎರಡೆರಡು ಸಲ ಹಾಕಿಸಿಕೊಳ್ಳುತ್ತಿದ್ದರು. ಅವರಿಗೆ ವಯಸ್ಸಾಯಿತಲ್ಲ ಅಂದುಕೊಂಡು ಸುಮ್ಮನಿದ್ದೆ. ಈಗ ಕೇಳಿದರೆ ಹಾಡೇ ಇಲ್ಲ. ಬರೀ ಜರಡಿ ಹಿಡಿದ ಸದ್ದು. ಅದರ ಕೆಳಗೆ ಎಲ್ಲೋ, ಪಕ್ಕದ ಮನೆಯ ಅಡುಗೆ ಕೋಣೆಯಲ್ಲಿ ಯಾರೋ ಹಾಡಿಕೊಳ್ಳುತ್ತಿರುವಷ್ಟು ದೂರದಲ್ಲಿ ಮಿಸ್ ಕಾರ್ಮಿನ್. ಮಾತು ತಿಳಿಯುತ್ತಿರಲಿಲ್ಲ. ಮುಂದಕ್ಕೆ ಬಾಗಿ ಉಸಿರು ಹಿಡಿದೆ. ಒಂದು ಕಡೆ ಸದ್ದು ತುಸು ತೆಳುವಾಗಿ ಮೂರು ಮಾತು ಮೇಲೆ ಬಂದವು: ಎರಡು ಲೋಟ ತೊಳೆದಿಟ್ಟೆ.

ನನ್ನ ಹೆಗಲು ತಾನಾಗಿ ಮೇಲಕ್ಕೆ ಹೋಯಿತು. 'ಅಯ್ಯೋ' ಎಂದು ನನ್ನ ಬಾಯಿಂದಲೇ ಬಂತು, ಕಣ್ಣಿನ ಹಿಂದೆ ಬಿಸಿ ಏರಿತು. ಗೂಡಿನಿಂದ ತೆಗೆದು ಮತ್ತೆ ಗೂಡಿಗೇ ಇಟ್ಟ ಆ ಲೋಟ, ಅದರ ಅಂಚಿನ ನೆಗ್ಗು, ಎಲ್ಲ ಕಣ್ಣೆದುರು ಬಂತು. ಇನ್ನೊಂದು ಸಾಲು ಕೇಳಿಸಿದ್ದರೆ ಸಾಕಿತ್ತು. ಅಷ್ಟರಲ್ಲಿ ಸವೆದ ಗೆರೆಯಲ್ಲಿ ಮುಳ್ಳು ನಿಲ್ಲದೆ ಸರ್ರನೆ ಜಾರಿ ನಾಲ್ಕನೆಯ ಹಾಡಿಗೆ ಹೋಯಿತು. ಬಿಸಿ ಅಲ್ಲೇ ನಿಂತು, ಹಾಗೇ ಆರಿತು.

ಇಂದುಮತಿ ಮತ್ತೆ ಹಾಕಿದಳು. ಈ ಸಲ ಲೋಟ ಎನ್ನುವ ಮಾತೊಂದೇ ಕೇಳಿಸಿತು. ಮೂರನೆಯ ಸಲ ಅದೂ ಇಲ್ಲ. ಹತ್ತಿ ತೆಗೆದು, "ಇನ್ನೊಂದ್ಸಲ ಹಾಕ್ಲಾ ಅಕ್ಕಾ?" ಎಂದು ಕೇಳಿದಳು.

"ಬೇಡ," ಅಂದೆ. "ಮುಳ್ಳು ಎತ್ತಿಬಿಡಿ." ನಾನು ಬಚ್ಚಿಟ್ಟು ಕಾದದ್ದು ಬೇರೆಯವರದು, ದಿನಾ ಕೈಯಾರೆ ಸವೆಸಿದ್ದು ನನ್ನದು. ಅವಳಿಗೆ ಅಷ್ಟನ್ನೂ ಹೇಳಿದೆ. ಪದ್ಮಪಾಲನ ಹಾಡು ಯಾವುದೆಂಬುದನ್ನೂ ಹೇಳಿದೆ. ಅವಳು ಟವೆಲ್ಲನ್ನು ಮಡಿಸುತ್ತಾ, "ಅವರದೂ ನಂದೂ ಒಂದೇ ಆಗಿತ್ತಾ ಹಾಗಾದ್ರೆ," ಅಂದಳು. ಅದನ್ನು ನನ್ನನ್ನು ಚುಚ್ಚಲು ಹೇಳಲಿಲ್ಲ, ತನಗೇ ಹೇಳಿಕೊಂಡಳು. ಮನೆಗೆ ಹೋಗುವಾಗ ಶುಂಠಿ ನೀರಿನ ಲೋಟವನ್ನು ತೊಳೆದಿಟ್ಟು ಹೋದಳು.

ಮಾರನೆಯ ದಿನ ನಾನೇ ಕಟ್ಟೆಯ ಹತ್ತಿರ ಹೋಗಿ ಊರಿನವರ ಮುಂದೆ ಎಲ್ಲ ಒಪ್ಪಿಕೊಂಡೆ. ಉಗಿದರು. ಭುಜಂಗ ಮೇಷ್ಟ್ರ ಮಗಳು ಎದ್ದು ಹೋದದ್ದೇ ಎಲ್ಲಕ್ಕಿಂತ ಹೆಚ್ಚು ಉರಿಯಿತು. ಕೆಲಸದಿಂದ ಮಾತ್ರ ತೆಗೆಯಲಿಲ್ಲ. ಯಾವ ಹಾಡಿಗೂ ಕೈ ನಡುಗದವಳು ಈಗ ಊರಿನಲ್ಲಿ ನಾನೊಬ್ಬಳೇ. ಉಳಿದ ಐವರು ಒಬ್ಬೊಬ್ಬರಾಗಿ ಬಂದರು, ನನ್ನ ಮುಖ ನೋಡದೆ ಕೂತರು, ನಾನು ಹತ್ತನೆಯದನ್ನು ಹಾಕಿದೆ, ಅತ್ತರು, ಹೋದರು. ಈಗ ಕಿವಿಗೆ ಹತ್ತಿ ಇಡುವುದನ್ನು ಬಿಟ್ಟಿದ್ದೇನೆ. ಮೂರನೆಯದನ್ನು ಕೇಳಲು ಬಂದವರಿಗೆ ಅದು ಸವೆದಿದೆ ಎಂದು ಹೇಳಬೇಕಾಗುತ್ತದೆ. ನಿಜ ಹೇಳಿದರೂ ಅವರು ನನ್ನನ್ನು ಅನುಮಾನದಿಂದ ನೋಡುತ್ತಾರೆ. ಪ್ಲೇಟು ತೆಗೆದು ತೋರಿಸುತ್ತೇನೆ.

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಗಂಜಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂದು ಮತ್ತೆ ಹಾಕಿದೆ. ಮತ್ತೊಮ್ಮೆ ಹಾಕಿದೆ. ಆಮೇಲೆ ಲೋಟ ಕೆಳಗಿಟ್ಟು ಕೇಳುವ ಮನೆಗೆ ಬಂದು ಬಾಗಿಲು ತೆಗೆದೆ. ತಿರುಮಲ ಆಗಲೇ ಬೆಂಚಿನ ಮೇಲೆ ಕೂತಿದ್ದ. ಕೈಯಲ್ಲಿ ಒಂದು ಹಿತ್ತಾಳೆ ಬಟ್ಟಲು, ಅದರೊಳಗೆ ಮಡಿಸಿದ ಬಿಳಿ ಬಟ್ಟೆ. ಒಗೆದು ಒಗೆದು ಮೆತ್ತಗಾದ ಬಟ್ಟೆ. ಎರಡನ್ನೂ ಬೆಂಚಿನ ಮೇಲೆ ನನ್ನ ಕಡೆಗೆ ಸರಿಸಿದ.

"ಕ್ಷಮಿಸಿಬಿಟ್ಟೆ ಅಂದ್ಕೋಬೇಡಿ," ಅಂದ. "ನಂಗಿನ್ನು ಇದು ಬೇಕಾಗಿಲ್ಲ, ಅದಕ್ಕೆ ತಂದೆ."

ನಾನು ನಿಂತೇ ಇದ್ದೆ. ಅವನು ನನ್ನ ಮುಖವನ್ನು ದಿಟ್ಟಿಸಿದ.

"ರೆಪ್ಪೆ ಸದ್ದು ಶುರುವಾಯ್ತಾ?"

"ನಿನ್ನೆಯಿಂದ," ಅಂದೆ.

ಅವನು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. ತಣ್ಣೀರಲ್ಲ, ಉಗುರು ಬೆಚ್ಚಗಿರೋ ನೀರು ಎಂದು ಮೊದಲಿನಿಂದ ಶುರು ಮಾಡಿದ. ನಾನು ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಕೂತು, ಅವನು ಹೇಳಿದ ಒಂದೊಂದನ್ನೂ ಕೇಳಿಸಿಕೊಂಡೆ.